ನಲ್ಲಿಯ ಮೂತಿಗೆ ರೋಬೋಟಿನ ದಾರಿ ಬರೆದದ್ದು

ಪುಣೆಯ ಭೋಸರಿ ಎಂಐಡಿಸಿಯಲ್ಲಿ, ಅಂದರೆ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ನಮ್ಮದೊಂದು ಸಣ್ಣ ಶೆಡ್. ಹಿತ್ತಾಳೆ ನಲ್ಲಿಗಳನ್ನು ಓಡುವ ಉಜ್ಜುಬೆಲ್ಟಿಗೆ ಹಿಡಿದು ನುಣುಪು ಮಾಡಿ ಕೊಡುತ್ತೇವೆ. ಮೇಲಿನ ಕ್ರೋಮ್ ಲೇಪನ ಬೇರೆ ಕಡೆ ಆಗುತ್ತದೆ. ಕ್ರೋಮ್ ಬಿದ್ದ ಮೇಲೆ ಕೂದಲೆಳೆಯಷ್ಟು ಅಲೆಯೂ ಎದ್ದು ಕಾಣುತ್ತದೆ, ಬೈಗುಳ ಮಾತ್ರ ನಮಗೆ.

ಹಳೆಯದೊಂದು ರೋಬೋಟ್ ತಂದೆವು. ಅದು ನಲ್ಲಿಯನ್ನು ಹಿಡಿದುಕೊಳ್ಳುತ್ತದೆ, ಬೆಲ್ಟ್ ನಿಂತಲ್ಲೇ ಓಡುತ್ತದೆ. ಬೆಲ್ಟನ್ನು ಓಡಿಸುವುದು ಮೋಟರಿಗೇ ಕೂರಿಸಿದ 350 ಮಿ.ಮೀ. ವ್ಯಾಸದ ರಬ್ಬರ್ ವೀಲ್, ನಿಮಿಷಕ್ಕೆ 1440 ಸುತ್ತು. ಅಂದರೆ ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 26 ಮೀಟರ್. ದಾರಿ ಬರೆಯುವ ಕೆಲಸ, ಅಂದರೆ ನಲ್ಲಿಯನ್ನು ಬೆಲ್ಟಿನ ಮುಂದೆ ಹೇಗೆ ಸಾಗಿಸಬೇಕೆಂಬ ಪ್ರೋಗ್ರಾಮು, ನನ್ನ ತಲೆಗೆ ಬಂತು.

ಮೊದಲು ಮೂತಿಯ ಉದ್ದಕ್ಕೆ 5 ಮಿ.ಮೀ.ಗೊಂದು ಗೆರೆ ಎಳೆದೆ. ಕಂಪ್ಯೂಟರಿನ ಕ್ಯಾಡ್ ಚಿತ್ರದಲ್ಲಿ ಚೆಂದ ಕಂಡಿತು. ಪೀಸಿನ ಮೇಲೆ ಮಾತ್ರ ಪೆನ್ಸಿಲಿನ ಹಾಗೆ ಪಟ್ಟಿ ಪಟ್ಟಿ. ಮೂತಿಯ ಸುತ್ತಿನ ತ್ರಿಜ್ಯ 12 ಮಿ.ಮೀ. ಅಷ್ಟೇ. ಎರಡು ಗೆರೆಗಳ ನಡುವೆ ಉಳಿಯುವ ಏಣಿನ ಎತ್ತರ ಅಂದರೆ ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದ್ದು: 0.26 ಮಿ.ಮೀ. ರಬ್ಬರ್ ಸ್ವಲ್ಪ ಒಗ್ಗುತ್ತದೆ, ಆದರೂ ಇದು ಜಾಸ್ತಿ. ಆಮೇಲೆ ಬೆಲ್ಟಿನ ಅಗಲವನ್ನು ಮೂತಿಯ ಉದ್ದಕ್ಕೆ ಇಟ್ಟು, ನಲ್ಲಿಯನ್ನೇ ಸುತ್ತ ಹೊರಳಿಸಿದೆ. ಉದ್ದದ ಬಾಗು 150 ಮಿ.ಮೀ. ತ್ರಿಜ್ಯದ್ದು. ಅದೇ 5 ಮಿ.ಮೀ. ಅಂತರಕ್ಕೆ ಏಣು 0.02ಕ್ಕೆ ಇಳಿಯಿತು. ಒಳಬಾಗಿಗೆ ದೊಡ್ಡ ವೀಲ್ ಕೂರುವುದೇ ಇಲ್ಲ, ಅದಕ್ಕೆ ಸಣ್ಣ ವೀಲ್ ಬೇರೆ ಹಾಕಿದೆವು.

ಆದರೂ ಮೂತಿಯ ತುದಿ ಸವೆದು ಚಪ್ಪಟೆಯಾಗುತ್ತಿತ್ತು. ನಮ್ಮಲ್ಲಿ ವಿಜಯಪುರದ ಕಡೆಯ ಕಾಕಾ ಒಬ್ಬರಿದ್ದಾರೆ, ಬೆಲ್ಟಿನ ಮುಂದೆಯೇ ತಲೆ ಹಣ್ಣಾದವರು. ದೂರ ಕೂತು ಚಹಾ ಕುಡಿಯುತ್ತಲೇ ಹೇಳಿದರು: "ತಮ್ಮಾ, ತುದಿಗೆ ಬಂದು ನಿಂದ್ರಾಕತ್ತೈತಿ ನೋಡು."

"ಇಲ್ಲ ಕಾಕಾ, ಎಲ್ಲಾ ಕಡೆ 80 ಹಾಕೇನಿ."

"ನೀ ಏನರ ಹಾಕು. ಸಪ್ಪಳ ಕೇಳು."

ನಿಜ, ಅಲ್ಲಿ ಸದ್ದು ದಪ್ಪವಾಗುತ್ತಿತ್ತು. ವೇಗದ ಲಾಗ್ ತೆಗೆದು ನೋಡಿದೆ. ನಾನು ಕೊಟ್ಟದ್ದು ಸೆಕೆಂಡಿಗೆ 80 ಮಿ.ಮೀ., ತುದಿಯಲ್ಲಿ ಓಡಿದ್ದು 22. ಎರಡು ಮಿಲಿಮೀಟರ್ ಸಾಗುವಷ್ಟರಲ್ಲಿ ರೋಬೋಟಿನ ಮಣಿಕಟ್ಟು ಅಷ್ಟೊಂದು ತಿರುಗಬೇಕು, ಹಾಗಾಗಿ ರೋಬೋಟ್ ತಾನೇ ನಿಧಾನ ಮಾಡುತ್ತದೆ. ಪ್ರೆಸ್ಟನ್ ಎಂಬ ಗಾಜಿನ ತಜ್ಞ 1927ರಲ್ಲಿ ಗಾಜಿನ ಪಾಲಿಶ್ ಬಗ್ಗೆ ಬರೆದ ಸೂತ್ರ ಇಲ್ಲೂ ಹೊಂದುತ್ತದೆ: ಒತ್ತಡ, ಉಜ್ಜುವ ವೇಗ, ತಗಲಿರುವ ಹೊತ್ತು, ಇವು ಹೆಚ್ಚಿದಷ್ಟೂ ಸವೆತ ಹೆಚ್ಚು. ತುದಿಯಲ್ಲಿ ಹೊತ್ತೂ ಜಾಸ್ತಿ, ತಗಲುವ ಜಾಗ ಸಣ್ಣದಾದ್ದರಿಂದ ಒತ್ತಡವೂ ಜಾಸ್ತಿ. ಇಷ್ಟು ದಿನ ನಾನು ಸುಮ್ನೆ ಗೆರೆಗಳ ಜೊತೆ ಗುದ್ದಾಡಿದ್ದೆ.

ಗುರುವಾರ ಎಂಐಡಿಸಿಗೆ ವಾರದ ರಜೆ. ಶೆಡ್ ಖಾಲಿ ಇದ್ದಾಗ ಕೂತು ಸರಿಮಾಡಿದೆ. ದಾರಿಯಲ್ಲಿ ಅರ್ಧ ಮಿ.ಮೀ.ಗೊಂದು ತುರುಕಿದ್ದ ಪಾಯಿಂಟುಗಳಲ್ಲಿ ಬೇಡದ್ದನ್ನು ಕಿತ್ತೆ. ತಿರುಗುವ ಕೆಲಸವನ್ನು ತುದಿಗೆ ಬರುವ ಮೊದಲೇ ಶುರುಮಾಡಿಸಿ, ದಾಟಿದ ಮೇಲೂ ಸ್ವಲ್ಪ ಉಳಿಸಿದೆ. ರೋಬೋಟಿನ ಹಿಡಿಕೈಯಾದ ಗ್ರಿಪ್ಪರಿನಲ್ಲಿ ನಲ್ಲಿಯನ್ನು ಓರೆಯಾಗಿ ಹಿಡಿಸಿದೆ. ಹೆಚ್ಚು ಲಾಭ ಆದದ್ದು ಇದರಿಂದಲೇ, ಮಣಿಕಟ್ಟು ಒದ್ದಾಡುವುದು ನಿಂತಿತು. ತುದಿಯ ವೇಗ 60 ದಾಟಿತು. ಉಳಿದದ್ದಕ್ಕೆ ಅಲ್ಲಿ ಒತ್ತುವುದನ್ನು ಕಡಿಮೆ ಮಾಡಿದೆ.

ಪರೀಕ್ಷೆಗೆ ಪೀಸಿಗೆಲ್ಲ ನೀಲಿ ಮಾರ್ಕರ್ ಬಳಿದು ಒಂದು ಸುತ್ತು ಓಡಿಸುತ್ತೇನೆ. ನೀಲಿ ಉಳಿದ ಕಡೆ ಬೆಲ್ಟ್ ತಗಲಿಲ್ಲ ಎಂದರ್ಥ. ಕೊನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಪ್ರತಿಬಿಂಬದ ಗೆರೆ ಎಲ್ಲಾದರೂ ನಡುಗುತ್ತದಾ ಅಂತ ನೋಡುತ್ತೇನೆ.

ಹೊಸ ಬೆಲ್ಟ್ ಹಾಕಿದಾಗ ಮೊದಲ ಕೆಲವು ಪೀಸು ಈಗಲೂ ಕಾಕಾ ಕೈಯಲ್ಲೇ. ಹೊಸತು ಜೋರಾಗಿ ಕಡಿಯುತ್ತದೆ, ಅದಕ್ಕೆ ನನ್ನ ಪ್ರೋಗ್ರಾಮಿನಲ್ಲಿ ಇನ್ನೂ ಲೆಕ್ಕ ಕೂತಿಲ್ಲ.