ಶಾಡು ಮಣ್ಣು, ಕೋಳಿಗರಿ ಮತ್ತು ನಾಲ್ಕು ರೆಕ್ಕೆಯ ಡೈನೋಸಾರ್

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಮಕ್ಕಳ ಶಿಬಿರಕ್ಕೆ, ಕೈಯಲ್ಲೂ ಕಾಲಲ್ಲೂ ನೀಳ ಗರಿಗಳಿದ್ದ ಪುಟ್ಟ ಡೈನೋಸಾರ್ ಮೈಕ್ರೋರ್‍ಯಾಪ್ಟರ್‌ನ ನಿಜಗಾತ್ರದ ಮಾದರಿ ಮಾಡಬೇಕೆಂದು ಹೊರಟಾಗ ನಾನು ಮೊದಲು ಹೋದದ್ದು ಕೋಳಿ ಅಂಗಡಿಗೆ. ಗರಿ ಕೀಳದ ಇಡೀ ರೆಕ್ಕೆಗಳನ್ನು ಕೇಳಿ ತಂದೆ. ಹದ್ದಿನ ಗರಿ ಹೆಕ್ಕಿದರಾಗದೇ ಎಂದು ಕೆಲವರು ಕೇಳುತ್ತಾರೆ. ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಕಾಡುಹಕ್ಕಿಯ ಗರಿಯ ಗೊಡವೆಯೇ ಬೇಡ. ಅಲ್ಲದೆ ಈ ಕೆಲಸಕ್ಕೆ ಕೋಳಿಗಿಂತ ಒಳ್ಳೆಯ ಗುರು ಸಿಗುವುದೂ ಇಲ್ಲ.

ಮೈಕ್ರೋರ್‍ಯಾಪ್ಟರ್ ಬದುಕಿದ್ದು ಸುಮಾರು 12 ಕೋಟಿ ವರ್ಷಗಳ ಹಿಂದೆ, ಇಂದಿನ ಚೀನಾದ ಲಿಯಾವೋನಿಂಗ್ ಪ್ರಾಂತ್ಯದಲ್ಲಿ. ಕೆರೆಯ ತಳದ ನುಣ್ಣನೆಯ ಕೆಸರು ಮತ್ತು ಜ್ವಾಲಾಮುಖಿಯ ಬೂದಿ ಮುಚ್ಚಿದ್ದರಿಂದ ಮೂಳೆಯ ಜತೆಗೆ ಗರಿಯ ಅಚ್ಚೂ ಉಳಿಯಿತು. 2003ರಲ್ಲಿ ಚೀನಾದ ಪಳೆಯುಳಿಕೆ ತಜ್ಞ ಶೂ ಶಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪಳೆಯುಳಿಕೆಯ ಚಿತ್ರವನ್ನು ನಿಜಗಾತ್ರಕ್ಕೆ, ಅಂದರೆ ಮೂತಿಯಿಂದ ಬಾಲದ ತುದಿಗೆ ಸುಮಾರು 77 ಸೆಂ.ಮೀ.ಗೆ, ಮುದ್ರಿಸಿ ಗೋಡೆಗೆ ಅಂಟಿಸಿಕೊಂಡೆ. ಪಳೆಯುಳಿಕೆಯ ಆಧಾರವಿಲ್ಲದ ಒಂದು ಗರಿಯನ್ನೂ ಚುಚ್ಚುವುದಿಲ್ಲ ಎಂಬುದು ನನ್ನ ಹಟ.

ಮೈಗೆ ಅಲ್ಯೂಮಿನಿಯಂ ತಂತಿ, ಅದರ ಮೇಲೆ ಕಾಗದದ ಮುದ್ದೆ. ತಲೆಯನ್ನೂ ಬೆರಳುಗಳನ್ನೂ ಗಣಪತಿ ಮಾಡುವವರಿಂದ ತಂದ ಶಾಡು ಮಣ್ಣಿನಲ್ಲಿ ತಿದ್ದಿದೆ. ಕಾಲಿನ ಎರಡನೆಯ ಬೆರಳಿನ ಕುಡುಗೋಲಿನಂಥ ಉಗುರಿನೊಳಗೆ ತಂತಿ ಇರಲೇಬೇಕು. ಬರೀ ಮಣ್ಣು ಒಣಗಿದರೆ ಮುರಿಯುತ್ತದೆ.

ನಿಜವಾದ ಕೆಲಸ ರೆಕ್ಕೆಯದು. ಪೇಟೆಯ ಆಟಿಕೆಗಳಲ್ಲಿ ಗರಿ ಮಣಿಕಟ್ಟಿಗೇ ನಿಂತು, ಅಂಗೈ ಬೋಳಾಗಿ ಜೋಲುತ್ತಿರುತ್ತದೆ. ನನಗೆ ಅದನ್ನು ಕಂಡರೆ ಸಂಕಟವಾಗುತ್ತದೆ. ಕೋಳಿಯ ರೆಕ್ಕೆಯನ್ನು ಬಿಡಿಸಿ ನೋಡಿ: ಮುಂಗೈಯ ದಪ್ಪ ಮೂಳೆಯ ಹಿಂಬದಿಯಲ್ಲಿ ಹೊರಟ ಗರಿಗಳ ಸಾಲು ಮಣಿಕಟ್ಟನ್ನು ದಾಟಿ ಬೆರಳಿನವರೆಗೂ ಹೋಗುತ್ತದೆ. ಮೈಕ್ರೋರ್‍ಯಾಪ್ಟರ್‌ನಲ್ಲೂ ಹೀಗೆಯೇ, ಉಗುರುಳ್ಳ ಮೂರು ಬೆರಳುಗಳಲ್ಲಿ ಉದ್ದನೆಯ ನಡುಬೆರಳು ಗರಿಗಳಿಗೆ ಆಸರೆ. ಇದರ ನೆಂಟನಾದ ವೆಲಾಸಿರ್‍ಯಾಪ್ಟರ್‌ನ ಗರಿಯ ಅಚ್ಚು ಸಿಕ್ಕಿಲ್ಲ. ಆದರೂ 2007ರಲ್ಲಿ ಅದರ ಮುಂಗೈ ಮೂಳೆಯ ಮೇಲೆ ಗರಿಯ ಬುಡ ಕೂರುವ ಗುಬುಟುಗಳು ಕಂಡವು.

ಗರಿಗಳನ್ನು ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಹುಳು ಸಾಯಲೆಂದು ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಟ್ಟೆ. ಒಂದು ಗರಿಯನ್ನು ಬೆಳಕಿಗೆ ಹಿಡಿದರೆ ನಡುದಂಟಿನ ಒಂದು ಬದಿ ಕಿರಿದು, ಇನ್ನೊಂದು ಅಗಲ. ಗಾಳಿಯನ್ನು ಸೀಳುವುದು ಕಿರಿದಾದ ಬದಿ. ಮೈಕ್ರೋರ್‍ಯಾಪ್ಟರ್‌ನ ಕೈಗರಿಗಳಲ್ಲಷ್ಟೇ ಅಲ್ಲ, ಪಾದದ ನೀಳ ಗರಿಗಳಲ್ಲೂ ಇದೇ ಏರುಪೇರು ಇದೆ. ಆದ್ದರಿಂದ ಎಡದ ಗರಿಯನ್ನು ಬಲಕ್ಕೆ ಹಾಕುವಂತಿಲ್ಲ. ಮೊದಲೇ ಎರಡು ಪೊಟ್ಟಣ ಮಾಡಿಟ್ಟುಕೊಳ್ಳಬೇಕು. ಕಾಯಿಸಿದ ಸೂಜಿಯಿಂದ ತೂತು ಕೊರೆದು, ಬುಡಕ್ಕೆ ಫೆವಿಕಾಲ್ ಸವರಿ, ಒಂದರ ಅಂಚು ಮತ್ತೊಂದರ ಮೇಲೆ ಬರುವಂತೆ ಕೂರಿಸುತ್ತಾ ಹೋದೆ.

ಕಾಲುಗಳನ್ನು ಹೇಗೆ ನಿಲ್ಲಿಸುವುದೆಂಬುದು ತಜ್ಞರೇ ವಾದಿಸಿದ ವಿಷಯ. ಮೊದಲ ಚಿತ್ರಗಳಲ್ಲಿ ಅವು ರೆಕ್ಕೆಯಂತೆ ಅಡ್ಡಕ್ಕೆ ಚಾಚಿದ್ದವು. ಸೊಂಟದ ಕೀಲು ಅದಕ್ಕೆ ಒಪ್ಪದು ಎಂಬ ಆಕ್ಷೇಪ ಬಂತು. 2007ರಲ್ಲಿ ಶಂಕರ್ ಚಟರ್ಜಿ ಮತ್ತು ಟೆಂಪ್ಲಿನ್, ಕಾಲುಗಳು ಮೈಯ ಕೆಳಗಿದ್ದು ಹಳೆಯ ಇಮ್ಮಡಿ ರೆಕ್ಕೆಯ ವಿಮಾನದ ಹಾಗೆ ಎರಡು ಅಂತಸ್ತಾಗುತ್ತಿತ್ತು ಎಂದರು. ನಾನೂ ಕಾಲನ್ನು ಕೆಳಗೇ ಮಡಚಿದೆ. ಕೀಲು ಹೇಳಿದ್ದನ್ನು ನಂಬುವುದು ನನಗೆ ಸರಿಯೆನಿಸಿತು.

ಬಣ್ಣದ ಬಗ್ಗೆ ಊಹೆ ಬೇಕಿಲ್ಲ. ಗರಿಯಲ್ಲಿ ಉಳಿದ ವರ್ಣಕಣಗಳ ಆಕಾರವನ್ನು ಈಗಿನ ಹಕ್ಕಿಗಳದರೊಡನೆ ಹೋಲಿಸಿ, ಇದರದು ಮಿರುಗುವ ಕಪ್ಪು ಎಂದು 2012ರಲ್ಲಿ ತೋರಿಸಿದ್ದಾರೆ. ನಾಟಿ ಹುಂಜದ ಕರಿಗರಿಗೆ ಆ ಮಿರುಗು ತಾನಾಗಿಯೇ ಇದೆ. ದಯವಿಟ್ಟು ಅದರ ಮೇಲೆ ಬಣ್ಣ ಬಳಿಯಬೇಡಿ. ಎಳೆಗಳು ಅಂಟಿಕೊಂಡು ಹೊಳಪೆಲ್ಲ ಹೋಗುತ್ತದೆ.

ಇಂಥ ಪಳೆಯುಳಿಕೆ ನಮ್ಮ ಮುಂಬಯಿಯಲ್ಲಿ ಸಿಗುವುದಿಲ್ಲವೇ ಎಂದು ಶಿಬಿರದಲ್ಲಿ ಮಕ್ಕಳು ಕೇಳಿದರು. ಇಲ್ಲಿ ಕಾಲಡಿಯಲ್ಲಿರುವುದು 6 ಕೋಟಿಗೂ ಹೆಚ್ಚು ವರ್ಷ ಹಳೆಯ ಲಾವಾ ಕಲ್ಲು. ಲಾವಾ ಹರಿದಲ್ಲಿ ಗರಿ ಉಳಿಯುವುದೆಲ್ಲಿ? ಆದರೆ ಲಾವಾ ಪದರಗಳ ನಡುವೆ ಕೆಸರು ಕೂತ ಜಾಗಗಳೂ ಇವೆ. ವರ್ಲಿಯ ಅಂಥ ಪದರದಲ್ಲಿ ಸಿಕ್ಕ ಪುಟ್ಟ ಕಪ್ಪೆಯ ಪಳೆಯುಳಿಕೆಯನ್ನು ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ 1847ರಲ್ಲಿಯೇ ವರ್ಣಿಸಿದ್ದರು. ಮುಂದಿನ ಶಿಬಿರಕ್ಕೆ ಆ ಕಪ್ಪೆಯ ಮಾದರಿ ಮಾಡುತ್ತಿದ್ದೇನೆ. ಅದಕ್ಕೆ ಶಾಡು ಮಣ್ಣೊಂದೇ ಸಾಕು.