ನಾಡಿ ಹಿಡಿದು ಹೃದಯದ ಸ್ಥಿತಿ ತಿಳಿಯುವುದು ಹೇಗೆ?

ಮಂಗಳೂರು, ಉಡುಪಿ, ಮಣಿಪಾಲದ ಆಸ್ಪತ್ರೆಗಳಲ್ಲಿ ಮೊದಲ ಸಲ ವಾರ್ಡಿಗೆ ಹೋಗುವ ನರ್ಸಿಂಗ್ ವಿದ್ಯಾರ್ಥಿಗಳ ಕಣ್ಣು ಸೀದಾ ಮಾನಿಟರ್ ಮೇಲೆ ಹೋಗುತ್ತದೆ. ಅದು ಇರಲಿ. ಮೊದಲು ರೋಗಿಯ ಕೈ ಹಿಡಿಯಿರಿ.

ಮಣಿಕಟ್ಟಿನ ಒಳಬದಿಯಲ್ಲಿ, ಹೆಬ್ಬೆರಳಿನ ಬುಡದ ಕಡೆ, ನಿಮ್ಮ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರದೇ ಮಿಡಿತ ಎಣಿಸಿಬಿಡುತ್ತೀರಿ. ವಾಚ್ ನೋಡಿಕೊಂಡು ಪೂರ್ತಿ 1 ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಸುಲಭ, ಆದರೆ ತಾಳ ತಪ್ಪಿದ ನಾಡಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಆರಾಮವಾಗಿ ಮಲಗಿರುವ ದೊಡ್ಡವರಲ್ಲಿ 60ರಿಂದ 100 ಸಹಜ.

ಬೆರಳಿಗೆ ತಾಗುವ ಈ ಮಿಡಿತ ಶುರುವಾಗುವುದು ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ. ಅಲ್ಲಿನ ಎಸ್‌ಎ ನೋಡ್ ಎಂಬ ಪುಟ್ಟ ಗಂಟು ವಿದ್ಯುತ್ ಸಂಕೇತ ಹೊರಡಿಸುತ್ತದೆ. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್ ಅದನ್ನು ಒಂಚೂರು ತಡೆದು ಕೆಳಕ್ಕೆ ಬಿಡುತ್ತದೆ. ಸುಮ್ನೆ ತಡೆಯುವುದಲ್ಲ, ಅಷ್ಟರೊಳಗೆ ಕೆಳಗಿನ ಕೋಣೆಗಳು ತುಂಬಿಕೊಳ್ಳಬೇಕು. ಬಲ ಕೋಣೆ ಶ್ವಾಸಕೋಶಕ್ಕೆ ರಕ್ತ ಕಳಿಸಿದರೆ, ಎಡ ಕೋಣೆ ಇಡೀ ಮೈಗೆ ತಳ್ಳುತ್ತದೆ. ಒಂದು ಸಲಕ್ಕೆ ಸುಮಾರು 70 ಮಿ.ಲೀ., ನಿಮಿಷಕ್ಕೆ ಹೆಚ್ಚುಕಡಿಮೆ 5 ಲೀಟರ್.

ನಾಡಿಗೆ ತಾಳವೇ ಇಲ್ಲ ಅನ್ನಿಸಿದರೆ ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ನಡುಗುತ್ತಿರುತ್ತವೆ. ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಇಂಥ ನಾಡಿ ಎಣಿಸಲು ಗೆಳತಿಯ ಸಹಾಯ ಬೇಕು. ಒಬ್ಬರು ಸ್ಟೆತೊಸ್ಕೋಪನ್ನು ಎದೆಯ ಎಡಗಡೆ, ಕಾಲರ್ ಬೋನಿನ ನಡುವಿನಿಂದ ನೇರ ಕೆಳಗೆ, 5ನೇ ಪಕ್ಕೆಲುಬಿನ ಸಂದಿಯಲ್ಲಿ ಇಡಿ. ಇನ್ನೊಬ್ಬರು ಮಣಿಕಟ್ಟು ಹಿಡಿಯಿರಿ. ಇಬ್ಬರೂ ಒಂದೇ ನಿಮಿಷ ಎಣಿಸಿ. ಎದೆಯಲ್ಲಿ 110, ಕೈಯಲ್ಲಿ 92 ಬಂತೆನ್ನಿ. 18 ಬಡಿತ ಕೈವರೆಗೆ ಬರಲೇ ಇಲ್ಲ. ಚಾರ್ಟಿನಲ್ಲಿ ಎರಡನ್ನೂ ಬರೆಯಿರಿ. ಹೃದಯದ ಬಡಿತ ನಿಧಾನ ಮಾಡುವ ಡಿಗಾಕ್ಸಿನ್ ಮಾತ್ರೆ ಕೊಡುವ ಮುಂಚೆ ಎದೆಯ ಬಡಿತವನ್ನೇ ಎಣಿಸಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ಹೇಳಿ.

ನಾಡಿ ಸರಿಯಿದೆ ಅಂತ ಎದೆನೋವನ್ನು ಮಾತ್ರ ಹಗುರವಾಗಿ ನೋಡಬೇಡಿ. ಹೃದಯಾಘಾತದಲ್ಲೂ ನಾಡಿ 80 ಇರಬಹುದು! ನಡೆದಾಗ ಬಂದು, ಕೂತರೆ ಹೋಗುವ ನೋವು ಸಾಮಾನ್ಯವಾಗಿ ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ನೋವು. ಕೂತರೂ ಬಿಡದೆ, ಬೆವರು, ವಾಂತಿ ಜೊತೆಗಿದ್ದರೆ ಹೃದಯಾಘಾತ ಎಂದೇ ತಿಳಿದು ಓಡಿ. ‘ಗ್ಯಾಸ್ ಸಿಸ್ಟರ್, ಒಂದು ಸೋಡಾ ಕುಡಿದ್ರೆ ಸರಿ ಆಗ್ತದೆ’ ಅನ್ನುವವರು ನಮ್ಮಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದ ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಇರಬಹುದು. ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು.

ಹಾರ್ಟ್ ಫೇಲ್ಯೂರ್‌ನಲ್ಲಿ ಪಂಪಿನ ಶಕ್ತಿ ಕುಗ್ಗಿ ಮೈಯಲ್ಲಿ ನೀರು ನಿಲ್ಲುತ್ತದೆ. ಕಾಲು ಊದುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. 3 ದಿನದಲ್ಲಿ 2 ಕೆ.ಜಿ. ಏರಿದರೆ ಅದು ಊಟದ ತೂಕವಲ್ಲ, ನೀರು. ತಕ್ಷಣ ತಿಳಿಸಿ. ಊಟದ ಬಗ್ಗೆ ಕೇಳುವಾಗ ‘ಉಪ್ಪು ಕಡಿಮೆ ಮಾಡಿದ್ದೀರಾ’ ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಗಂಜಿಗೆ ಏನು ನೆಂಚಿಕೊಂಡಿರಿ ಎಂದು ಕೇಳಿ. ಉಪ್ಪಿನಕಾಯಿ, ಒಣಮೀನು ಎರಡೂ ಆಗ ಹೊರಗೆ ಬರುತ್ತವೆ.