ಕೇಸ್ ಶೀಟಿನಲ್ಲಿ ಬರೆಯದೆ ಬಿಟ್ಟದ್ದು

2009ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಶ್ರೀಲಂಕಾದ ಪುಲ್ಮೋಡೈನಲ್ಲಿ ಒಂದು ಆಸ್ಪತ್ರೆ ತೆರೆಯಿತು. ಅಲ್ಲಿ ನಾನು ಸರ್ಜನ್ ಆಗಿದ್ದೆ. ಶ್ರೀಲಂಕಾ ಸೇನೆಗೂ ಎಲ್‌ಟಿಟಿಇಯ ತಮಿಳು ಹುಲಿಗಳಿಗೂ ನಡೆಯುತ್ತಿದ್ದ ಯುದ್ಧದ ನಡುವೆ ಪುದುಮಾತ್ತಳನ್ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದ ಗಾಯಾಳುಗಳನ್ನು ರೆಡ್‌ಕ್ರಾಸ್‌ನವರು ಹಡಗಿನಲ್ಲಿ ತರುತ್ತಿದ್ದರು. ಹಡಗು ಬಂತೆಂದರೆ ಒಂದೇ ಸಲ ನೂರಾರು ಜನ. ಕೂಗಾಡುವವರಿಗಿಂತ ಮೊದಲು ಸುಮ್ಮನೆ ಮಲಗಿದವರನ್ನು ನೋಡಬೇಕು. ಅದು ಅಭ್ಯಾಸದಿಂದ ಬರುತ್ತೆ. ನನಗೆ ಕಷ್ಟವಾಗುತ್ತಿದ್ದದ್ದು ಪೆನ್ನು ಹಿಡಿದಾಗ.

ನಾನು ಕೆಜಿಎಫ್‌ನವನು, ತಮಿಳು ಚೆನ್ನಾಗಿ ಬರುತ್ತೆ. ಹಾಗಾಗಿ ನನ್ನ ಹತ್ತಿರ ಜನ ಜಾಸ್ತಿ ಮಾತಾಡುತ್ತಿದ್ದರು. ಶೆಲ್ ಯಾವ ಕಡೆಯಿಂದ ಬಂತು, ಮಗನನ್ನು ಯಾರು ಎಳೆದುಕೊಂಡು ಹೋದರು, ಎಲ್ಲ ಹೇಳುತ್ತಿದ್ದರು. ಕೇಸ್ ಶೀಟ್ ರೋಗಿಯ ಜೊತೆ ಮುಂದಿನ ಆಸ್ಪತ್ರೆಗೆ, ಅಲ್ಲಿಂದ ನಿರಾಶ್ರಿತರ ಕ್ಯಾಂಪಿಗೆ ಹೋಗುತ್ತೆ. ಯಾರ ಕೈಗೆ ಸಿಗುತ್ತೋ! ಅದಕ್ಕೇ ನಾನು ಇಷ್ಟೇ ಬರೆಯುತ್ತಿದ್ದೆ: ಬಲ ತೊಡೆ, ಶೆಲ್ ಚೂರು, ಮೂಳೆ ಮುರಿದಿಲ್ಲ, ಗಾಯ ತೆರೆದಿಟ್ಟಿದೆ.

ಯುದ್ಧದ ಗಾಯವನ್ನು ತಕ್ಷಣ ಹೊಲಿಯುವುದಿಲ್ಲ. ಸತ್ತ ಮಾಂಸ ಕತ್ತರಿಸಿ, ತೊಳೆದು, ನಾಲ್ಕೈದು ದಿನ ಹಾಗೇ ಬಿಟ್ಟು ಆಮೇಲೆ ಮುಚ್ಚುತ್ತೇವೆ. ಇಲ್ಲದಿದ್ದರೆ ಒಳಗೇ ಕೀವಾಗುತ್ತೆ. "ತಂಬಿ, ಹೊಲಿಗೆ ಹಾಕದೆ ಬಿಟ್ಟೆಯಲ್ಲಪ್ಪ, ನಾನು ಉಳಿಯಲ್ಲ ಅಂತಲಾ?" ಅಂತ ಒಬ್ಬ ಅಜ್ಜಿ ಕೇಳಿದರು. ಅವರಿಗೆ ಕೂತು ವಿವರಿಸಬೇಕಾಯಿತು. ಎಷ್ಟೇ ನೂಕುನುಗ್ಗಲು ಇದ್ದರೂ ಆ ಐದು ನಿಮಿಷ ಕೊಡಲೇಬೇಕು.

"ನೀವು ಬರೆಯದಿದ್ದರೆ ನಾಳೆ ಸಾಕ್ಷಿ ಎಲ್ಲಿಂದ ಬರುತ್ತೆ ಸಾರ್?" ಅಂತ ನಮ್ಮ ಕಿರಿಯ ಡಾಕ್ಟರ್ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಗಾಯ ಹೇಗಿದೆಯೋ ಹಾಗೇ ಬರೆಯುತ್ತೇನೆ. ಶೆಲ್ ಚೂರನ್ನು 'ಅಪಘಾತ' ಅಂತ ತೇಲಿಸಿ ಬರೆಯುವುದಿಲ್ಲ. ಆದರೆ ಯಾರು ಹೊಡೆದರು, ಇವನು ಯಾರ ಕಡೆಯವನು ಅನ್ನೋದು ರೋಗಿ ತಾನಾಗಿ, ತನಗೆ ಬೇಕಾದವರ ಮುಂದೆ ಹೇಳಬೇಕಾದ ಮಾತು. 1949ರ ಜಿನೀವಾ ಒಪ್ಪಂದಗಳ ಮೂರನೇ ವಿಧಿ ಗಾಯಾಳುವಿಗೆ ಆರೈಕೆ ಕೊಡಿ ಅನ್ನುತ್ತೆ, ಪಕ್ಷ ಕೇಳಿ ಅನ್ನುವುದಿಲ್ಲ. ಬಂದೂಕು ಹಿಡಿದವನೂ ಗಾಯಗೊಂಡು ಬಿದ್ದ ಮೇಲೆ ರೋಗಿಯೇ.

ಫೋಟೋದ ವಿಷಯ ಇನ್ನೊಂದು. ನೋಡಲು ಬಂದವರೆಲ್ಲ ಕ್ಯಾಮೆರಾ ತೆಗೆಯುತ್ತಿದ್ದರು. ರೋಗಿಯನ್ನು ಕೇಳಿದರೆ 'ಆಗಲಿ' ಅಂತಲೇ ಅನ್ನುತ್ತಿದ್ದರು. ಹಾಸಿಗೆ, ಅನ್ನ, ಔಷಧಿ ಎಲ್ಲ ನಮ್ಮ ಕೈಯಲ್ಲಿರುವಾಗ ಬೇಡ ಅಂತ ಹೇಗೆ ಹೇಳಿಯಾರು, ಅಲ್ವಾ? ಅದಕ್ಕೇ ನಾವೇ ಬೇಡ ಅನ್ನಲು ಶುರುಮಾಡಿದೆವು. ಚಿಕಿತ್ಸೆಗೆ ಬೇಕಾದಾಗ ಗಾಯದ ಫೋಟೋ ಮಾತ್ರ, ಮುಖದ್ದು ಇಲ್ಲ. ಕೆಲವರಿಗೆ ಸಿಟ್ಟು ಬಂತು.